ಅತ್ತಿಗೆಯ ನೀರೊಲ್ಲದ ತೋಟ

ಅತ್ತಿಗೆ ಎಂಬ ಪದದೊಳಗೇ ಅಳು ಅಡಗಿ ಕೂತಿದ್ದರೂ ನಮ್ಮತ್ತಿಗೆ ಅತ್ತಿದ್ದನ್ನು ನಾನು ಕಂಡವಳಲ್ಲ. ಸಿಟ್ಟು ಬಂದರೆ ಹೊಲಿಗೆ ಮೆಷಿನ್ನಿನ ಪೆಡಲ್ ಜೋರಾಗಿ ತುಳಿಯುತ್ತಾರೆ, ದುಃಖವಾದರೆ ಇನ್ನೂ ಜೋರಾಗಿ. ಅವರ ಮನಸ್ಸಿನ ಹವಾಮಾನ ತಿಳಿಯಬೇಕಾದವರು ಮುಖ ನೋಡುವ ಅಗತ್ಯವಿಲ್ಲ, ಗಲ್ಲಿಯ ತುದಿಯಲ್ಲಿ ನಿಂತು ಕಿವಿ ಕೊಟ್ಟರೆ ಸಾಕು. ನನ್ನಣ್ಣ ಮದುವೆಯಾದಾಗಿನಿಂದ ಮಾಡುತ್ತಿರುವುದು ಅದನ್ನೇ. ಸದ್ದು ಕೇಳಿ, ಮನೆಯೊಳಗೆ ಹೋಗಬೇಕೋ ಇನ್ನೊಂದು ಸುತ್ತು ತಿರುಗಿ ಬರಬೇಕೋ ತೀರ್ಮಾನಿಸುತ್ತಾನೆ.

ನಾಲ್ಕು ಮಹಡಿಯ ಹಳೇ ಕಟ್ಟಡವೊಂದರ ನೆಲಮಹಡಿ ಅವರದು. ಹಿಂದಿನ ಕೋಣೆಗಳಲ್ಲಿ ಸಂಸಾರ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಕಿಟಕಿಗೆ ಅಂಟಿಕೊಂಡ ಹಾಗೆ ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಖಾಕಿ ಕಾಗದದ ನಮೂನೆಗಳು. ಬೀದಿಯ ಅರ್ಧ ಜನರ ಸೊಂಟದ ಗುಟ್ಟು ಆ ಗೋಡೆಯ ಮೇಲಿದೆ. ಅತ್ತಿಗೆ ಬಾಯಿ ಬಿಡುವವರಲ್ಲ. ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡವರಿಗೆ ಬಿಡಲು ಆಗುವುದೂ ಇಲ್ಲ.

ಕಿಟಕಿಯಾಚೆ ನಾಲ್ಕು ಮಂಚ ಹಾಕಿದರೆ ಮುಗಿದುಹೋಗುವಷ್ಟು ಮಣ್ಣಿನ ಜಾಗವಿತ್ತು. ಸ್ವಲ್ಪ ಹುಲ್ಲು, ಕೆಲವು ಗುಲಾಬಿ. ಕಟ್ಟಡದ ಎಲ್ಲರಿಗೂ ಸೇರಿದ್ದು, ಆದ್ದರಿಂದ ಯಾರೂ ನೋಡಿಕೊಳ್ಳದ್ದು. ನೋಡಿಕೊಳ್ಳುತ್ತಿದ್ದವರು ಅತ್ತಿಗೆಯೊಬ್ಬರೇ. "ದಿನವಿಡೀ ಸೂಜಿಯ ತುದಿ ನೋಡೋ ಕಣ್ಣಿಗೆ ಆಗಾಗ ಬೇರೆ ಏನಾದ್ರೂ ತೋರಿಸ್ತಿರಿ" ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ, ಒಂದೊಂದು ತೋಳು ಹೊಲಿದು ಮುಗಿಸಿದಾಗಲೂ ತಲೆಯೆತ್ತಿ ಅಲ್ಲಿಗೆ ನೋಡುವುದು ಅವರ ಅಭ್ಯಾಸ. ಅಂಗಡಿಗೆ ಬೆಳಕು ಬರುವುದೂ ಆ ಕಡೆಯಿಂದಲೇ.

ಬರ ಹೇಳಿ ಬರುವುದಿಲ್ಲ. ಬಂದ ಮೇಲೆ ನಗರಸಭೆ ಹೇಳುತ್ತದೆ. ತೋಟಕ್ಕೆ ನೀರು ಬಿಡುವ ಹಾಗಿಲ್ಲ ಎಂಬ ಆಜ್ಞೆ ಗೋಡೆಗೋಡೆಗೂ ಅಂಟಿಕೊಂಡಿತು. ಹುಲ್ಲು ಬಾಗಿಲಲ್ಲಿ ಹಾಕುವ ಕಾಲೊರಸಿನ ಹಾಗಾಯಿತು. ಗುಲಾಬಿಯಲ್ಲಿ ಉಳಿದದ್ದು ಮುಳ್ಳು ಮಾತ್ರ.

ಆಗ ಟೇಪು ಸಾರ್ ಇಳಿದು ಬಂದರು. ಇವರು ನಿವಾಸಿಗಳ ಸಂಘದ ಕಾರ್ಯದರ್ಶಿ, ಮೂರನೇ ಮಹಡಿಯವರು, ನಿವೃತ್ತ ಸರ್ವೇಯರು. ಕೆಲಸ ಬಿಟ್ಟರೂ ಉಕ್ಕಿನ ಟೇಪು ಬಿಟ್ಟಿಲ್ಲ. ಪ್ಯಾಂಟಿನ ಜೇಬಿನಿಂದ ಅದನ್ನು ಎಳೆದು, ನೆಲದ ಮೇಲೆ ಹಾಸಿ, ಅಳೆದು, ಬಿಟ್ಟರು. ಅದು ಟಪ್ಪೆಂದು ಒಳಸೇರಿತು.

"ಮೇಡಂ, ಈ ಜಾಗ ಸತ್ತಿದೆ. ಸಿಮೆಂಟ್ ಹಾಕಿಸಿಬಿಡೋಣ. ಆರು ಸ್ಕೂಟರ್ ಆರಾಮಾಗಿ ನಿಲ್ಲುತ್ವೆ."

ಸ್ಕೂಟರುಗಳಿಗೆ ಜಾಗ ಬೇಕಾಗಿದ್ದು ನಿಜವೇ. ಮೊದಲು ಅವು ನಿಲ್ಲುತ್ತಿದ್ದದ್ದು ಕಟ್ಟಡದ ಹಿಂದಿನ ಮೂಲೆಯಲ್ಲಿ. ಟೇಪು ಸಾರ್ ತಮ್ಮ ಬಚ್ಚಲು ಒಡೆಸಿ ಹೊಸದು ಕಟ್ಟಿಸಿದಾಗಿನಿಂದ ಆ ಮೂಲೆ ಒಡಕು ಟೈಲ್ಸು, ಗಾರೆ, ಇಟ್ಟಿಗೆಚೂರಿನ ಗುಡ್ಡೆಯ ಪಾಲಾಗಿತ್ತು. ಕೇಳಿದರೆ, "ಲಾರಿಯವನು ನಾಳೆ ಬರ್ತಾನೆ" ಎನ್ನುತ್ತಿದ್ದರು. ಆ ನಾಳೆ ಬಂದು ಹೋಗಿ ಎರಡು ವರ್ಷವಾಗಿತ್ತು. ಕಾರ್ಯದರ್ಶಿಗಳ ಬಚ್ಚಲಿನ ವಿಷಯ ಎಂದು ಯಾರೂ ಮತ್ತೆ ಎತ್ತಿರಲಿಲ್ಲ.

"ಸತ್ತಿಲ್ಲ ಸಾರ್, ಮಲಗಿದೆ" ಎಂದರು ಅತ್ತಿಗೆ ಕಿಟಕಿಯಿಂದಲೇ.

"ಹಾಗಾದ್ರೆ ಎಬ್ಬಿಸಿ ನೋಡೋಣ."

"ಎಬ್ಬಿಸ್ತೀನಿ. ಈ ಬೇಸಿಗೆ ಮುಗಿಯೋವರೆಗೆ ಟೈಮ್ ಕೊಡಿ."

"ನೀರು ಹಾಕೋ ಹಾಗಿಲ್ಲ, ಗೊತ್ತಲ್ಲ?"

"ಹಾಕಲ್ಲ."

ಟೇಪು ಸಾರ್ ನಕ್ಕು ಮೇಲೆ ಹೋದರು. ಅವರು ಹೋದ ಮೇಲೆ ನಾನು ಕೇಳಿದೆ, "ಅತ್ತಿಗೆ, ಯಾವ ಧೈರ್ಯದ ಮೇಲೆ ಹೇಳಿದ್ರಿ?"

"ಹೋದ ವಾರ ನೋಡಿದ್ವಲ್ಲ, ಆ ಧೈರ್ಯದ ಮೇಲೆ."

ನೋಡಿದ್ದು ಹಳೇ ಅರಮನೆಯ ತೋಟವನ್ನು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ರಾಜರು ಹೋಗಿ ಶತಮಾನಗಳಾಗಿವೆ, ತೋಟ ಮಾತ್ರ ಬಾಚಿದ ತಲೆಯ ಹಾಗೆ ಅಚ್ಚುಕಟ್ಟಾಗಿ ಉಳಿದಿದೆ. ವರ್ಷಕ್ಕೊಮ್ಮೆ ಹೊಲಿಗೆಯವರೆಲ್ಲ ಸೇರಿ ಒಂದು ಪ್ರವಾಸ ಹೋಗುತ್ತಾರೆ, ನಾನು ಬಾಲ. ಉಳಿದವರು ರಾಣಿಯ ಮಂಚ ನೋಡಲು ಒಳಗೆ ಓಡಿದರೆ ಅತ್ತಿಗೆ ನೇರ ಹೊರಗಿನ ಮೆಟ್ಟಿಲ ಮೇಲೆ ನಿಂತು ತೋಟವನ್ನು ಕೆಳಮುಖವಾಗಿ ನೋಡುತ್ತಾರೆ. ನಡುವೆ ಒಂದು ದಾರಿ, ಎಡಕ್ಕೇನಿದೆಯೋ ಬಲಕ್ಕೂ ಅದೇ. ಕತ್ತರಿಸಿ ಕತ್ತರಿಸಿ ಗೋಡೆಯಂತಾದ ಬೇಲಿಗಿಡ, ಅದರೊಳಗೆ ಚೌಕ, ಚೌಕದೊಳಗೆ ಸುರುಳಿ.

"ಶರ್ಟಿನ ಮುಂಭಾಗ ಕಣೇ ಇದು" ಎಂದು ಪ್ರತಿ ವರ್ಷವೂ ಹೊಸದಾಗಿ ಹೇಳುತ್ತಾರೆ. "ಆ ದಾರಿ ಗುಂಡಿಪಟ್ಟಿ. ಈ ಎರಡು ಚೌಕ ಜೇಬು. ಕೊಳ ನೋಡು, ಸರಿಯಾಗಿ ಕಾಲರ್ ಬರೋ ಜಾಗದಲ್ಲಿದೆ."

"ಇದು ರಾಜನಿಗೆ ಗೊತ್ತಿತ್ತಾ?"

"ರಾಜನಿಗೆ ಯಾಕೆ ಗೊತ್ತಿರಬೇಕು? ಅವನ ಟೈಲರ್‌ಗೆ ಗೊತ್ತಿದ್ರೆ ಸಾಕು."

ಈ ಸಲ ಶರ್ಟು ಬಣ್ಣಗೆಟ್ಟಿತ್ತು. ಕಾರಂಜಿ ನಿಂತಿತ್ತು, ಹುಲ್ಲುಹಾಸು ಒಣಗಿತ್ತು, ಬೇಲಿಗಿಡದಲ್ಲಿ ಅಲ್ಲಲ್ಲಿ ತೂತು ಬಿದ್ದಿತ್ತು. ಆದರೆ ಬಿಸಿಲು ನೇರವಾಗಿ ಹೊಡೆಯುವ ಒಂದು ಇಳಿಜಾರಿನಲ್ಲಿ, ಯಾರೂ ಹೋಗದ ಕಡೆ, ಬೂದುಬಣ್ಣದ ಒಂದು ಪಾತಿ ಏನೂ ಆಗದ ಹಾಗೆ ಕೂತಿತ್ತು. ಲ್ಯಾವೆಂಡರ್, ರೋಸ್‌ಮೇರಿ, ಥೈಮ್, ಮತ್ತೆ ಹತ್ತಿಯಂತೆ ಮೆತ್ತಗಿದ್ದ ಸ್ಯಾಂಟೊಲಿನಾ. ಎಲ್ಲವನ್ನೂ ಗೆರೆ ಹಿಡಿದು ಕತ್ತರಿಸಿದ್ದರು. ಊರಿನ ಜೇನುಹುಳಗಳೆಲ್ಲ ಅಲ್ಲೇ ಇದ್ದವು. ತೋಟಗಾರ್ತಿಯೊಬ್ಬಳು ಮೊಣಕಾಲೂರಿ ಕೆಲಸ ಮಾಡುತ್ತಿದ್ದಳು.

"ಇದಕ್ಕೇನು ಹಾಕ್ತೀರಮ್ಮ?" ಅತ್ತಿಗೆ ಕೇಳಿದರು.

"ಕತ್ತರಿ."

"ನೀರು?"

"ಚಳಿಗಾಲದ ಮಳೆ ಎಷ್ಟು ಕೊಟ್ರೆ ಅಷ್ಟು. ಬೇಸಿಗೇಲಿ ನಾವಾಗಿ ಕೊಟ್ರೆ ಮುನಿಸ್ಕೊಳ್ತವೆ."

"ಯಾವ ಕಡೆಯವು?"

"ಮೆಡಿಟರೇನಿಯನ್ ಕಡೆಯವು. ಸಮುದ್ರದ ದಂಡೆಯ ಕಲ್ಲುಗುಡ್ಡದಲ್ಲಿ ಹುಟ್ಟಿದವು."

ಕಾನ್ವೆಂಟಿನಲ್ಲಿ ನಮಗೆ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ಮೆಡಿಟರೇನಿಯನ್ ಹವಾಗುಣವನ್ನು ಬಾಯಿಪಾಠ ಮಾಡಿಸಿದ್ದರು: ಬೇಸಿಗೆ ಒಣ, ಚಳಿಗಾಲ ಮಳೆ, ನಮ್ಮ ಈ ಕಡೆಯ ಹಾಗೇ. ಅವರ ಕರ್ಚೀಫಿನಿಂದ ಬರುತ್ತಿದ್ದ ವಾಸನೆ ಲ್ಯಾವೆಂಡರಿನದು. ಎರಡನ್ನೂ ಒಟ್ಟಿಗೆ ಸೇರಿಸಿ ನೋಡಲು ನನಗೆ ಇಷ್ಟು ವಯಸ್ಸಾಗಬೇಕಾಯಿತು. ಅತ್ತಿಗೆ ಯಾವ ಭೂಗೋಳವನ್ನೂ ನೆನೆಯದೆ ಒಂದು ಎಲೆ ತಿಕ್ಕಿ ಮೂಸಿ ಹೇಳಿದರು, "ನಮ್ಮ ಕಿಟಕಿಗೂ ಬಿಸಿಲು ಹೀಗೇ ಬರುತ್ತೆ."

ಟೇಪು ಸಾರ್‌ಗೆ ಮಾತು ಕೊಟ್ಟ ಮರುದಿನವೇ ಅತ್ತಿಗೆ ನರ್ಸರಿಗೆ ಹೋಗಿ ಗಿಡ ತಂದರು. ಗುಲಾಬಿ ಪಾತಿಯನ್ನೇ ಅಗೆದು, ಖಾಕಿ ಕಾಗದದಲ್ಲಿ ನಮೂನೆ ಕತ್ತರಿಸಿ ನೆಲಕ್ಕೆ ಹಾಸಿ, ಸುತ್ತ ಸೀಮೆಸುಣ್ಣದ ಪುಡಿ ಉದುರಿಸಿ, ಗೆರೆಯ ಮೇಲೆ ನೆಟ್ಟರು. ನಡುವೆ ಗುಂಡಿಪಟ್ಟಿ, ಎರಡು ಕಡೆ ಜೇಬು. ಮೊದಲ ದಿನ ಬೇರು ನೆನೆಯುವಷ್ಟು ತಮ್ಮ ಕುಡಿಯುವ ಪಾಲಿನ ನೀರು ಕೊಟ್ಟು, "ಇನ್ನು ನಿಮ್ಮ ದಾರಿ ನಿಮಗೆ" ಎಂದು ಒಳಗೆ ಬಂದರು.

ಬೇಸಿಗೆ ಅರ್ಧವಾಗುವಷ್ಟರಲ್ಲಿ ಗಿಡಗಳು ಬುಡದಿಂದ ಕಪ್ಪಾಗತೊಡಗಿದವು. ತುದಿ ಜೋತು ಬಿದ್ದವು.

"ಬಾಯಾರಿದೆ, ಒಂದು ಮಗ್ ಹಾಕೇ" ಎಂದ ಅಣ್ಣ.

"ಹಾಕಲ್ಲ ಅಂದಿದೀನಿ."

"ಕಲ್ಲು ಮನಸ್ಸು ನಿಂದು."

"ಅವು ಹುಟ್ಟಿದ್ದೂ ಕಲ್ಲಿನಲ್ಲೇ."

ಒಂದು ಬೆಳಗ್ಗೆ ಅತ್ತಿಗೆ ಪೂರ್ತಿ ಸತ್ತ ಲ್ಯಾವೆಂಡರ್ ಒಂದನ್ನು ಹಿಡಿದು ಎಳೆದರು. ಹೆಚ್ಚು ಎಳೆಯುವುದೇ ಬೇಕಾಗಲಿಲ್ಲ. ಬೇರು ಕೊಳೆತು ಲೋಳೆಯಾಗಿತ್ತು. ಕೆಳಗಿನ ಮಣ್ಣು ಹಿಂಡಿದರೆ ನೀರು ಬರುವಷ್ಟು ಒದ್ದೆ. ನೀರಿಲ್ಲದ ಊರಿನಲ್ಲಿ ಗಿಡ ಮುಳುಗಿ ಸತ್ತಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರು ದೀಪ ಹಾಕದೆ ಮೆಷಿನ್ನಿನ ಮುಂದೆ ಕೂತು ಕಾದರು. ಮೊದಲು ಬಂದವರು ಎರಡನೇ ಮಹಡಿಯ ಅಜ್ಜಿ. ಕೆಟಲಿನಲ್ಲಿ ತರಕಾರಿ ತೊಳೆದ ನೀರು. ಗಿಡಗಿಡಕ್ಕೂ ಒಂದೊಂದು ಮಾತಾಡಿಸಿ, ಒಂದೊಂದು ಗುಟುಕು ಹಾಕಿ ಹೋದರು. ಆಮೇಲೆ ಬಂದವನು, ಕುಡಿದ ಲೋಟವನ್ನು ಇದುವರೆಗೆ ಸಿಂಕಿಗೆ ಒಯ್ಯದ ನನ್ನಣ್ಣ. ಗಡ್ಡ ಮಾಡಿಕೊಂಡು ಮಿಕ್ಕ ನೀರಿನ ಮಗ್ ಹಿಡಿದು, ಕಳ್ಳಹೆಜ್ಜೆಯಲ್ಲಿ. ಕೊನೆಗೆ, ಬನಿಯನ್ನಿನಲ್ಲಿ, ಅತ್ತಿತ್ತ ನೋಡುತ್ತಾ, ಬಕೆಟ್ ಹಿಡಿದು ಬಂದವರು ಟೇಪು ಸಾರ್.

ಅತ್ತಿಗೆ ಕಿಟಕಿ ತೆರೆದರು. "ಅಳತೆ ಸರಿಯಾಗಿದೆಯಾ ಸಾರ್?"

ಬಕೆಟ್ ಅವರ ಕಾಲ ಮೇಲೇ ಬಿತ್ತು. "ಅದು... ನಲ್ಲಿಯಲ್ಲಿ ಬಿಸಿನೀರು ಬರೋವರೆಗೆ ತಣ್ಣೀರು ಬರುತ್ತಲ್ಲ ಮೇಡಂ. ಇಂಥ ಕಾಲದಲ್ಲಿ ಚೆಲ್ಲಕ್ಕೆ ಮನಸ್ಸಾಗಲಿಲ್ಲ."

"ಇವು ಸತ್ರೆ ನಿಮಗೆ ತಾನೆ ಜಾಗ?"

"ಜಾಗ ಬೇಕು. ಹಾಗಂತ ಬಾಯಾರಿ ಸಾಯೋದನ್ನ ನೋಡ್ತಾ ಕೂರಕ್ಕಾಗುತ್ತಾ?"

ಅವತ್ತು ಮೆಷಿನ್ನು ಸದ್ದೇ ಮಾಡಲಿಲ್ಲ. ಅಣ್ಣ ಗಾಬರಿಯಾಗಿ ನನಗೆ ಫೋನ್ ಮಾಡಿದ. "ಜೋರಾಗಿ ತುಳಿದ್ರೆ ಹೇಗಾದ್ರೂ ನಿಭಾಯಿಸ್ತಿದ್ದೆ ಕಣೇ. ಸುಮ್ಮನೆ ಕೂತಿದಾಳೆ. ನೀನು ಬಾ."

ಸಂಘದ ಸಭೆ ನಡೆಯುವುದು ಮೆಟ್ಟಿಲ ಮೇಲೆ, ಅವರವರ ಮಹಡಿಗೆ ತಕ್ಕ ಎತ್ತರದಲ್ಲಿ ಅವರವರು. ಬೇಸಿಗೆ ಮುಗಿದಿತ್ತು, ಪಾತಿಯಲ್ಲಿ ಒಂದೂ ಉಳಿದಿರಲಿಲ್ಲ. ಸಿಮೆಂಟಿನ ಮಾತು ಎತ್ತುವ ಮೊದಲೇ ಅತ್ತಿಗೆ, ಗಿರಾಕಿಗಳ ಕೋಟಿಗೆ ಹಾಕಿ ಕೊಡುವ ಉದ್ದನೆಯ ಕವರ್ ತಂದು, ಜಿಪ್ ಎಳೆದು, ಸತ್ತ ಗಿಡಗಳನ್ನು ಕೆಳಗಿನ ಮೆಟ್ಟಿಲ ಮೇಲೆ ಸಾಲಾಗಿ ಮಲಗಿಸಿದರು.

"ನೋಡ್ಕೊಳ್ಳಿ. ಬೇರು ನೋಡಿ. ಒಬ್ಬರೂ ಬಾಯಾರಿ ಸತ್ತಿಲ್ಲ. ನೀವೆಲ್ಲ ಸೇರಿ ಪ್ರೀತಿಯಿಂದ ಮುಳುಗಿಸಿದ್ರಿ. ನಾನು ಸೋತಿದ್ರೆ ಒಪ್ಕೋತಿದ್ದೆ. ನಾನು ಆಟಾನೇ ಆಡಿಲ್ಲ. ಇನ್ನೊಂದು ಬೇಸಿಗೆ ಕೊಡಿ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿಯೇ ಬಾಯಿಬಿಟ್ಟರು. "ತಪ್ಪಾಯ್ತು ಮಗಳೇ. ಆದ್ರೆ ಆ ನೀರು ಏನ್ ಮಾಡ್ಲಿ ಹೇಳು? ಸಿಂಕಿಗೆ ಸುರಿಯಕ್ಕೆ ಕೈ ಬರಲ್ಲ."

ಟೇಪು ಸಾರ್ ಕೆಮ್ಮಿದರು. "ಮುಂದಿನ ಬೇಸಿಗೆ ಕೊನೆಗೂ ಹೀಗೇ ಆದ್ರೆ?"

"ಸಿಮೆಂಟ್ ನಾನೇ ಕಲಸಿ ಕೊಡ್ತೀನಿ."

"ಇದನ್ನ ಬರೆದಿಟ್ಕೊಳ್ಲಾ?"

"ಬೇಕಾದ್ರೆ ಕಸೂತಿ ಹಾಕಿ ಕೊಡ್ತೀನಿ."

ಹೀಗೆ ಇನ್ನೊಂದು ಬೇಸಿಗೆ ಸಿಕ್ಕಿತು. ಒಳಗೆ ಬಂದ ಮೇಲೆ ಅತ್ತಿಗೆ ನನಗೆ ಹೇಳಿದರು, "ಅಜ್ಜಿ ಹೇಳಿದ್ದು ಕೇಳಿದ್ಯಾ? ನಿಲ್ಲಿಸ್ತೀನಿ ಅನ್ನಲಿಲ್ಲ. ಇವರ ಕೈ ಕಟ್ಟಕ್ಕಾಗಲ್ಲ ಕಣೇ. ಕೊಟ್ಟಿದ್ದು ನಿಲ್ಲದೆ ಇಳಿದು ಹೋಗೋ ಹಾಗೆ ಮಾಡಬೇಕು. ಆ ಅರಮನೆಯವರು ಹೇಗೆ ಮಾಡಿದಾರೆ ನೋಡ್ಕೊಂಡು ಬರೋಣ, ನಡಿ."

ಅತ್ತಿಗೆ, ನಾನು ಇಬ್ಬರೇ ಮೊದಲ ಬಸ್ಸಿಗೆ ಹೊರಟೆವು. ಈ ಸಲ ಮೆಟ್ಟಿಲ ಮೇಲೆ ನಿಂತು ಶರ್ಟು ನೋಡುವ ಕಾರ್ಯಕ್ರಮವಿಲ್ಲ. ನೇರ ಆ ಬೂದು ಪಾತಿಗೆ ಹೋಗಿ, ಕೂತು, ನೆಲದ ಮಟ್ಟಕ್ಕೆ ಕಣ್ಣಿಟ್ಟು ನೋಡಿದರು. ಪಾತಿ ಸಪಾಟಾಗಿರಲಿಲ್ಲ, ಬೋರಲು ಹಾಕಿದ ದೋಣಿಯಂತೆ ಉಬ್ಬಿತ್ತು. ನಮ್ಮ ಗುಲಾಬಿ ಪಾತಿಯೋ, ನೀರು ಹಿಡಿಯಲೆಂದೇ ತಟ್ಟೆಯಂತೆ ತಗ್ಗು ಮಾಡಿದ್ದು. ಅತ್ತಿಗೆ ಛತ್ರಿಯ ತುದಿಯನ್ನು ಮಣ್ಣಿಗೆ ಚುಚ್ಚಿದರು. ಅದು ಬೆರಳುದ್ದ ಇಳಿದು ಖಣ್ ಎಂದಿತು. ಇನ್ನೊಂದು ಕಡೆ ಚುಚ್ಚಿದರು. ಅಲ್ಲೂ ಖಣ್.

"ಛತ್ರಿ ನೆಡ್ತಿದೀರಾ ಅಮ್ಮ?" ಹಿಂದಿನಿಂದ ಅದೇ ತೋಟಗಾರ್ತಿ.

"ಚಿಗುರಿದ್ರೆ ಹೇಳಿ. ಕೆಳಗೇನಿದೆ?"

"ಹಳೇ ಗೋಡೆ ಬಿದ್ದ ಕಲ್ಲು, ಗಾರೆ. ಮಣ್ಣು ನೆಪಕ್ಕೆ."

ಅತ್ತಿಗೆ ಎದ್ದು ನಿಂತರು. ಅವರ ಮುಖದಲ್ಲಿ, ಎಷ್ಟು ಹುಡುಕಿದರೂ ಸಿಗದ ಬಣ್ಣದ ದಾರ ಸ್ವಂತ ಪೆಟ್ಟಿಗೆಯ ತಳದಲ್ಲೇ ಸಿಕ್ಕಾಗಿನ ಕಳೆ. "ಗಾರೆ" ಎಂದರು. "ಕಲ್ಲು, ಗಾರೆ, ಇಟ್ಟಿಗೆಚೂರು. ಅಯ್ಯೋ, ನಮ್ಮ ಹಿತ್ತಲಲ್ಲಿ ಒಂದು ಬಚ್ಚಲೇ ಬಿದ್ದಿದೆಯಲ್ಲೇ!"

ಅದು ಗಿಡಗಳಿಗೆ ಕ್ಷೌರದ ದಿನ. ಬಿಚ್ಚಿ ಹಾಸಿದ ಗೋಣಿಯ ಮೇಲೆ ಕತ್ತರಿಸಿದ ತುದಿಗಳ ರಾಶಿ ಬಿದ್ದಿತ್ತು.

"ಈ ಚೂರೆಲ್ಲ ಎಲ್ಲಿಗೆ?"

"ಗೊಬ್ಬರದ ಗುಂಡಿಗೆ."

"ಟೈಲರ್ ಕಣ್ಣೆದುರಿಗೆ ಚೂರು ಬಿಸಾಡ್ತೀರಾ? ಕೊಡಿ ಇಲ್ಲಿ."

ತೋಟಗಾರ್ತಿ ನಗುತ್ತಾ ಚೀಲ ತುಂಬಿ ಕೊಟ್ಟಳು. ಕೆಳಗಿನ ಎಲೆ ಕಿತ್ತು ಮರಳಿನಲ್ಲಿ ಸಿಕ್ಕಿಸಿ, ಬೇರು ಬಿಡುವವರೆಗೆ ಮಾತ್ರ ತೇವ ಇರಲಿ ಎಂದು ಹೇಳಿಕೊಟ್ಟಳು. ವಾಪಸ್ ಬರುವಾಗ ಇಡೀ ಬಸ್ಸು ಘಮಘಮ. ಕಂಡಕ್ಟರ್ ಎರಡು ಸಲ ನಮ್ಮ ಸೀಟಿನ ಹತ್ತಿರ ಬಂದು ಟಿಕೆಟ್ ಕೇಳಿದ.

ಖಾಲಿ ಡಬ್ಬಗಳಲ್ಲಿ ಮರಳು ತುಂಬಿ ಕಿಟಕಿಯುದ್ದಕ್ಕೂ ತುಂಡುಗಳನ್ನು ನಿಲ್ಲಿಸಿದರು. ಎಷ್ಟೋ ಕಪ್ಪಾದವು, ಎಷ್ಟೋ ಹಿಡಿದವು. ಅಷ್ಟರಲ್ಲಿ ಅಣ್ಣನಿಗೆ ಕೆಲಸ ಸಿಕ್ಕಿತು. ಹಿಂದಿನ ಮೂಲೆಯಿಂದ ಮುಂದಿನ ಪಾತಿಗೆ ಬಕೆಟ್ಟು ಬಕೆಟ್ಟಾಗಿ ಗುಡ್ಡೆ ಹೊರುವುದು.

"ಬೇರೆಯವರ ಬಚ್ಚಲು ಹೊತ್ತು ತಿರುಗೋ ಗತಿ ಬಂತಲ್ಲ ನಂಗೆ" ಎಂದು ಅವನ ಗೊಣಗಾಟ.

"ಮುಳುಗಿಸುವಾಗ ಒಬ್ಬನೇ ಬಂದೆಯಲ್ಲ ಅಣ್ಣ, ತೇಲಿಸುವಾಗ ಅತ್ತಿಗೆ ಜೊತೆ ಕೈ ಹಾಕು" ಎಂದೆ ನಾನು.

ಮೂರನೇ ಮಹಡಿಯ ಬಾಲ್ಕನಿಯಿಂದ ಟೇಪು ಸಾರ್ ಕೂಗಿದರು. "ಮೇಡಂ! ಅದು ನನ್ನ ಬಚ್ಚಲು!"

"ಲಾರಿಯವನು ಬಂದ್ರೆ ವಾಪಸ್ ಕೊಡ್ತೀನಿ ಸಾರ್!"

ಟೇಪು ಸಾರ್ ಒಳಗೆ ಹೋದರು.

ಟೈಲ್ಸು ಟೈಲರ್ ಕೈ ಸೇರಿದರೆ ಏನಾಗುತ್ತದೆ ಎಂದು ಅವತ್ತು ನೋಡಿದೆ. ದಪ್ಪ ಚೂರು ಕೆಳಗೆ, ಸಣ್ಣ ಚೂರು ಮೇಲೆ, ಮಣ್ಣು ನೆಪಕ್ಕೆ, ಅದರ ಮೇಲೆ ಜಲ್ಲಿ. ತಟ್ಟೆಯಾಗಿದ್ದದ್ದು ದೋಣಿಯಾಯಿತು. ಮಿಕ್ಕಿದ ನೀಲಿ ಟೈಲ್ಸಿನ ಚೂರುಗಳನ್ನು ಗುಂಡಿಪಟ್ಟಿಯ ಎರಡು ಅಂಚಿಗೆ ಹೊಲಿಗೆ ಹಾಕಿದ ಹಾಗೆ ಸಾಲಾಗಿ ನಿಲ್ಲಿಸಿದರು. ಚಳಿಗಾಲದ ಮೊದಲ ಮಳೆಗೆ ಗಿಡ ನೆಟ್ಟರು. ಆಮೇಲೆ ಆ ಚಳಿಗಾಲ ಕೊಟ್ಟದ್ದಷ್ಟೇ ನೀರು.

ಮತ್ತೆ ಬೇಸಿಗೆ, ಮತ್ತೆ ಅದೇ ಆಜ್ಞೆ. ಅಜ್ಜಿಯ ಕೆಟಲ್ ಒಂದು ವಾರ ಬರಲಿಲ್ಲ, ಆಮೇಲೆ ಬಂತು. ಸುರಿದ ನೀರು ಜಲ್ಲಿಯೊಳಗೆ ಸರ್ರನೆ ಇಳಿದು, ದೋಣಿಯ ಬುಡದಿಂದ ಹೊರಗೆ ಹರಿದು, ಕಾಂಪೌಂಡಿನ ಗೋಡೆಯ ಪಕ್ಕದ ಮರಕ್ಕೆ ಹೋಗಿ ಸೇರಿತು. ಅತ್ತಿಗೆ ಕಿಟಕಿಯಿಂದ ನೋಡಿ ಕಾಜಾ ಹಾಕುವುದನ್ನು ಮುಂದುವರಿಸಿದರು.

ಬಿಸಿಲು ತಾರಕಕ್ಕೇರಿದ ವಾರ ಸ್ಯಾಂಟೊಲಿನಾ ಮುದುಡಿಕೊಂಡಿತು. ಥೈಮಿನ ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಕಪ್ಪಾಗುತ್ತಿದೆಯೇ ಎಂದು ಅತ್ತಿಗೆ ದಿನಕ್ಕೆ ಹತ್ತು ಸಲ ಬುಡ ನೋಡಿದರು. ಒಂದು ಮಧ್ಯಾಹ್ನ ನಾನು ಹೋದಾಗ ಅವರು ಮಗ್ಗಿನ ತುಂಬ ನೀರು ಹಿಡಿದು ಪಾತಿಯ ಮುಂದೆ ನಿಂತಿದ್ದರು. ಅವರು ಗಿಡವನ್ನೇ ದಿಟ್ಟಿಸಿ ನೋಡಿ, ಮಗ್ಗನ್ನೆತ್ತಿ, ಗಟಗಟ ತಾವೇ ಕುಡಿದರು.

"ನನಗೇ ಬಾಯಾರಿಕೆ ಕಣೇ" ಎಂದರು. "ಅವಕ್ಕಲ್ಲ."

ನೀರು ಕೈಬಿಟ್ಟರೂ ನೀರೆ ಪಟ್ಟು ಬಿಡಲಿಲ್ಲ. ಒಳಗೆ ಹೋಗಿ ಅವರು ಮೆಷಿನ್ನು ತುಳಿದ ಸದ್ದು ಗಲ್ಲಿಯ ತುದಿಯವರೆಗೆ ಕೇಳಿತು. ಅಣ್ಣ ಅವತ್ತು ಮೂರು ಸುತ್ತು ತಿರುಗಿ ಬಂದ.

ಬೇಸಿಗೆಯ ಕೊನೆಯ ಭಾನುವಾರ ಎಲ್ಲರೂ ಕೆಳಗಿಳಿದರು. ಟೇಪು ಸಾರ್ ಮುಂದೆ, ಬೂದು ಪ್ಯಾಂಟು, ಜೇಬಿನಲ್ಲಿ ಟೇಪು. ಪಾತಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೀಲಿ ಟೈಲ್ಸಿನ ಒಂದು ಚೂರಿನ ಮುಂದೆ ನಿಂತು, "ಇದು ನನ್ನ ಸೋಪಿನ ಗೂಡು" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮೇಡಂ, ಬೇಜಾರು ಮಾಡ್ಕೋಬೇಡಿ. ಎಲ್ಲ ಬೂದಿ ಆಗಿದೆಯಲ್ಲ."

"ಬೂದಿ ಅಲ್ಲ ಸಾರ್, ಬೂದು. ಅದರ ಬಣ್ಣವೇ ಅದು. ನಿಮ್ಮ ಪ್ಯಾಂಟೂ ಅದೇ ಬಣ್ಣ. ಹೊಲಿದವಳು ನಾನೇ, ಒಳಗಿರೋರು ಬದುಕಿದಾರೆ ಅಂತ ಗೊತ್ತು."

ಅಜ್ಜಿ ನಕ್ಕರು. ಟೇಪು ಸಾರ್ ನಗಲಿಲ್ಲ, ಅಳತೆಯ ಮನುಷ್ಯ. "ಬದುಕಿದೆ ಅನ್ನೋಕೆ ಆಧಾರ?"

"ಉಗುರಿನಲ್ಲಿ ಕೆರೆದು ನೋಡಿ. ನಿಮಗೆ ಬೇಕಾದ ಗಿಡ, ನಾನು ತೋರಿಸಲ್ಲ."

ಟೇಪು ಸಾರ್ ಕಷ್ಟಪಟ್ಟು ಬಗ್ಗಿ, ಬೇಕೆಂದೇ ತೀರಾ ಸೊರಗಿದ ರೋಸ್‌ಮೇರಿ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಕಡ್ಡಿ ಕೆರೆದರು. ಹಸಿರು. ಸ್ಯಾಂಟೊಲಿನಾ ಕೆರೆದರು. ಹಸಿರು. ಒಂದಾದ ಮೇಲೊಂದು ಕೆರೆಯುತ್ತಾ ಪಾತಿಯುದ್ದಕ್ಕೂ ಹೋದರು, ಬರಬರುತ್ತಾ ಕೈಬೆರಳನ್ನು ಮೂಗಿನ ಹತ್ತಿರ ಒಯ್ಯುವುದು ಹೆಚ್ಚಾಯಿತು. ಜೇಬಿನ ಮೂಲೆಯ ಲ್ಯಾವೆಂಡರಿಗೆ ಬಂದಾಗ ಅತ್ತಿಗೆಯೇ, "ಅದು ಹೋಗಿದೆ ಸಾರ್, ಕೆರೀಬೇಡಿ" ಎಂದು ಅದನ್ನು ಕಿತ್ತು ಪಕ್ಕಕ್ಕಿಟ್ಟರು. ಬೇರು ಒಣಗಿತ್ತು, ಕೊಳೆತಿರಲಿಲ್ಲ.

ಟೇಪು ಸಾರ್ ಸೊಂಟ ಹಿಡಿದುಕೊಂಡು ಎದ್ದರು. "ಸರಿ. ಬದುಕಿದೆ. ಒಪ್ಪಿದೆ. ಆದ್ರೆ ಮೇಡಂ, ಸ್ಕೂಟರ್‌ಗಳ ಕಥೆ? ಮಳೆಯಲ್ಲಿ ಬೀದೀಲಿ ನಿಲ್ಲಬೇಕಾ?"

ಅತ್ತಿಗೆ ಕುತ್ತಿಗೆಗೆ ಹಾಕಿಕೊಂಡಿದ್ದ ಬಟ್ಟೆಯ ಟೇಪನ್ನು ಸರಿಪಡಿಸಿಕೊಂಡು ಕಟ್ಟಡದ ಹಿಂದಕ್ಕೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಎರಡು ವರ್ಷ ಗುಡ್ಡೆ ಬಿದ್ದಿದ್ದ ಮೂಲೆಯಲ್ಲಿ ಈಗ ಏನೂ ಇರಲಿಲ್ಲ. ಗುಡಿಸಿದ ಖಾಲಿ ನೆಲ. ಅಲ್ಲಿದ್ದದ್ದೆಲ್ಲ ಮುಂದೆ ಗಿಡಗಳ ಕೆಳಗಿತ್ತು. ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದರೂ, ಅಲ್ಲಿ ಗುಡ್ಡೆಯಿದೆ ಎಂಬ ಅಭ್ಯಾಸದಲ್ಲಿ ಯಾರೂ ಅತ್ತ ನೋಡಿರಲಿಲ್ಲ.

"ಅಳೀರಿ" ಎಂದರು ಅತ್ತಿಗೆ.

ಟೇಪು ಸಾರ್ ಟೇಪು ಎಳೆದರು. ಉದ್ದ ಅಳೆದರು, ಅಗಲ ಅಳೆದರು, ನಂಬಿಕೆ ಬಾರದೆ ಇನ್ನೊಮ್ಮೆ ಅಳೆದರು. ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿದರು.

"ಏಳು" ಎಂದರು ತಗ್ಗಿದ ದನಿಯಲ್ಲಿ. "ಏಳು ಸ್ಕೂಟರ್ ನಿಲ್ಲುತ್ವೆ." ಟೇಪು ಟಪ್ಪೆಂದು ಒಳಸೇರಿತು.

"ಅಲ್ಲಾ ಸಾರ್" ಎಂದ ಅಣ್ಣ, ಹೊತ್ತ ಬಕೆಟ್ಟುಗಳ ನೋವನ್ನೆಲ್ಲ ಆ ಒಂದು ಮಾತಿಗೆ ತುಂಬಿ. "ನಾಳೆ ಆ ಲಾರಿಯವನು ಬಂದುಬಿಟ್ರೆ?"

ಟೇಪು ಸಾರ್ ಹೆಬ್ಬೆರಳನ್ನು ಮತ್ತೊಮ್ಮೆ ಮೂಸಿ ನೋಡಿಕೊಂಡರು.

"ಬಂದ್ರೆ ಗೇಟ್ ತೆಗೀಬೇಡಿ" ಎಂದರು.